ವಕೀಲರಿಗೆ ನೋಟಿಸು ಕಳಿಸುವ ಮೊದಲು: ರಾಜ್ಯ ಪೊಲೀಸ್ ಮಹಾನಿರ್ದೇಶಕರಿಗೆ ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು ಮತ್ತು ಆರಕ್ಷಕ ಮಹಾನಿರೀಕ್ಷಕರು, ಕರ್ನಾಟಕ ರಾಜ್ಯ
ಪ್ರತಿ: ಅಧ್ಯಕ್ಷರು, ಕರ್ನಾಟಕ ರಾಜ್ಯ ವಕೀಲರ ಪರಿಷತ್ತು

ವಿಷಯ: ಕಕ್ಷಿದಾರರು ಹೇಳಿದ್ದನ್ನು ವಕೀಲರಿಂದ ಕೇಳಿ ತಿಳಿಯುವ ತನಿಖೆಯ ರೂಢಿ ಕುರಿತು

ಮಾನ್ಯರೇ,

ಠಾಣೆಯಿಂದ ವಕೀಲರಿಗೆ ಬರುವ ಮೊದಲ ಕರೆ ನಯವಾಗಿಯೇ ಇರುತ್ತದೆ. “ಸಾರ್, ನಿಮ್ಮ ಪಾರ್ಟಿ ಎಲ್ಲಿದ್ದಾನೆ ಹೇಳಿಬಿಡಿ, ನಮಗೂ ಮೇಲಿನವರ ಕಾಟ ತಪ್ಪುತ್ತೆ.” ವಕೀಲರು ಹೇಳದಿದ್ದರೆ ಎರಡನೆಯ ಕರೆಯಲ್ಲಿ ದನಿ ಸ್ವಲ್ಪ ಗಡುಸಾಗುತ್ತದೆ. ಆಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಅಡಿ ಒಂದು ನೋಟಿಸು ಬರುತ್ತದೆ: ಪ್ರಕರಣದ ಸಂಗತಿಗಳು ತಮಗೆ ತಿಳಿದಿರುವಂತೆ ಕಂಡುಬಂದಿರುವುದರಿಂದ ಇಂಥ ದಿನ ಠಾಣೆಗೆ ಹಾಜರಾಗಿ ಹೇಳಿಕೆ ಕೊಡತಕ್ಕದ್ದು. ಸಾಕ್ಷಿಗಳನ್ನು ಕರೆಸಲು ಇರುವ ಕಲಂ ಅದು. ಆರೋಪಿಯ ವಕೀಲರಿಗೆ ಸಂಗತಿ ತಿಳಿದಿರುತ್ತದೆ ನಿಜ. ಆರೋಪಿಯೇ ಹೇಳಿರುತ್ತಾನಲ್ಲ! ಹಾಗೆ ತಿಳಿದದ್ದನ್ನು ಹೊರಗೆ ಹಾಕದಂತೆ ತಡೆಯಲೆಂದೇ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 132ನೇ ಕಲಂ ಇದೆ. ಅದನ್ನು ಓದದೆ ಹೊರಡುವ ನೋಟಿಸುಗಳ ಬಗ್ಗೆ ಈ ಪತ್ರ. ಅದನ್ನು ಓದಿಯೂ ಪಾಲಿಸದ, ನಮ್ಮಂತೆ ವಕೀಲರೇ ಆದ ನಮ್ಮವರ ಬಗ್ಗೆಯೂ ಮುಂದೆ ಬರೆದಿದ್ದೇವೆ.

ಕಲಂ ಹೊಸದೇನಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಇದು 126 ಆಗಿತ್ತು. ‘ಬ್ಯಾರಿಸ್ಟರ್, ಅಟಾರ್ನಿ, ಪ್ಲೀಡರ್, ವಕೀಲ’ ಎಂದು ನಾಲ್ಕು ಬಗೆಯವರನ್ನು ಹೆಸರಿಸಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯಿದೆಯಲ್ಲಿ ಇರುವುದು ‘ಅಡ್ವೊಕೇಟ್’ ಒಬ್ಬರೇ. (ಬ್ರಿಟಿಷರು ಬರೆದ ಕಾಯಿದೆಯಲ್ಲಿದ್ದ ‘ವಕೀಲ’ ನಾವೇ ಬರೆದುಕೊಂಡ ಕಾಯಿದೆಯಿಂದ ಮಾಯವಾದದ್ದು ತಮಾಷೆಯೇ.) ತಿರುಳು ಮಾತ್ರ ಬದಲಾಗಿಲ್ಲ. ಕಕ್ಷಿದಾರನ ಸ್ಪಷ್ಟ ಸಮ್ಮತಿ ಇಲ್ಲದೆ ವಕೀಲರು ಮೂರನ್ನು ಹೊರಗೆ ಹೇಳುವಂತಿಲ್ಲ: ವಕೀಲಿ ಕೆಲಸದ ಸಲುವಾಗಿ ಕಕ್ಷಿದಾರನಾಗಲಿ ಅವನ ಪರವಾಗಿ ಬಂದವರಾಗಲಿ ತಿಳಿಸಿದ್ದು, ಅದೇ ಕೆಲಸದಲ್ಲಿ ನೋಡಿದ ದಾಖಲೆಯ ಒಳಗೇನಿತ್ತು, ಅದು ಯಾವ ಸ್ಥಿತಿಯಲ್ಲಿತ್ತು ಎಂಬುದು, ತಾವು ಕೊಟ್ಟ ಸಲಹೆ. ವಕಾಲತ್ತು ಮುಗಿದರೂ ಈ ಕಟ್ಟು ಮುಗಿಯುವುದಿಲ್ಲವೆಂದು ವಿವರಣೆಯಲ್ಲೇ ಬರೆದಿದೆ.

ಇಲ್ಲಿ ಬಳಸಿರುವ ಕ್ರಿಯಾಪದವನ್ನು ತಮ್ಮ ಅಧಿಕಾರಿಗಳು ಗಮನಿಸಬೇಕು. ವಕೀಲರನ್ನು ‘ಒತ್ತಾಯಿಸುವಂತಿಲ್ಲ’ ಎಂದು ಕಲಂ ಹೇಳುತ್ತಿಲ್ಲ; ಅವರಿಗೆ ‘ಅನುಮತಿ ಇರತಕ್ಕದ್ದಲ್ಲ’ ಎನ್ನುತ್ತಿದೆ. ಅಂದರೆ ವಕೀಲರು ಖುಷಿಯಿಂದ ಹೇಳಹೊರಟರೂ ಕಾನೂನು ಬಿಡುವುದಿಲ್ಲ. ಒತ್ತಾಯದ ಮಾತು ಬರುವುದು 134ರಲ್ಲಿ, ಅಲ್ಲಿ ರಕ್ಷಣೆ ಕಕ್ಷಿದಾರನಿಗೆ: ಕಾನೂನು ಸಲಹೆಗಾರರ ಜೊತೆ ಆಡಿದ ಗುಟ್ಟಿನ ಮಾತನ್ನು ನ್ಯಾಯಾಲಯದ ಮುಂದೆ ಬಿಚ್ಚಿಡುವಂತೆ ಅವನನ್ನು ಒತ್ತಾಯಿಸುವಂತಿಲ್ಲ. ಅವನಾಗಿಯೇ ಸಾಕ್ಷಿಕಟ್ಟೆ ಹತ್ತಿದರೆ, ಆಗ ನುಡಿದ ಸಾಕ್ಷ್ಯವನ್ನು ವಿವರಿಸಲು ಬೇಕಾದಷ್ಟನ್ನು ಮಾತ್ರ ಕೇಳಬಹುದು. ಎರಡು ಕಲಮುಗಳನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗುಟ್ಟಿನ ಒಡೆಯ ಕಕ್ಷಿದಾರ. ವಕೀಲ ಅದನ್ನು ಕಾಯುವವನು. ಠಾಣೆಯ ಮೇಲಿನ ಸ್ನೇಹಕ್ಕೋ ಹೆದರಿಕೆಗೋ ಅದನ್ನು ಎತ್ತಿಕೊಡಲು ಅವನಿಗೆ ಹಕ್ಕಿಲ್ಲ. ನಮ್ಮ ಪತ್ರದ ಉಳಿದೆಲ್ಲ ಮಾತು ಇದರಿಂದಲೇ ಹುಟ್ಟಿದ್ದು.

ಹಾಗೆಂದು 132 ಕಳ್ಳರಿಗೆ ಹೊದೆಸಿದ ಕಂಬಳಿಯೂ ಅಲ್ಲ. ಅದರಲ್ಲೇ (ಎ) ಮತ್ತು (ಬಿ) ಎಂಬ ಎರಡು ವಿನಾಯಿತಿಗಳಿವೆ. ಯಾವುದಾದರೂ ಕಾನೂನುಬಾಹಿರ ಉದ್ದೇಶವನ್ನು ಮುಂದುವರಿಸಲು ಆಡಿದ ಮಾತಿಗೆ ರಕ್ಷಣೆಯಿಲ್ಲ. ವಕೀಲರು ಕೆಲಸ ವಹಿಸಿಕೊಂಡ ಮೇಲೆ ಅಪರಾಧವೋ ವಂಚನೆಯೋ ನಡೆದಿದೆ ಎಂದು ತೋರಿಸುವ ಸಂಗತಿ ಅವರ ಕಣ್ಣಿಗೆ ಬಿದ್ದರೆ ಅದಕ್ಕೂ ಇಲ್ಲ. ಅದನ್ನು ಕಕ್ಷಿದಾರನೇ ತೋರಿಸಿದನೋ ತಾನಾಗಿ ಕಂಡಿತೋ ಎಂಬುದು ಮುಖ್ಯವಲ್ಲ. ಕಾಯಿದೆ ಕೊಡುವ ಮೂರು ಉದಾಹರಣೆಗಳು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಗೆರೆ ಎಳೆಯುತ್ತವೆ. “ನಾನು ಖೊಟ್ಟಿ ಪತ್ರ ಮಾಡಿದ್ದೇನೆ, ನನ್ನ ಪರ ವಾದಿಸಿ” ಎಂದರೆ ಗುಟ್ಟು ಭದ್ರ, ಏಕೆಂದರೆ ತಪ್ಪು ಮಾಡಿದವನ ಪರ ವಾದಿಸುವುದು ಅಪರಾಧವಲ್ಲ. “ಖೊಟ್ಟಿ ಪತ್ರ ಇಟ್ಟುಕೊಂಡು ಆ ಆಸ್ತಿ ಹೊಡೆಯಬೇಕು, ದಾವೆ ಹಾಕಿ” ಎಂದರೆ ರಕ್ಷಣೆ ಇಲ್ಲ. ಮೂರನೆಯದು ಹಣ ದುರುಪಯೋಗದ ಆರೋಪಿಯದು: ವಕೀಲರು ಕೇಸು ಹಿಡಿದಾಗ ಲೆಕ್ಕದ ಪುಸ್ತಕದಲ್ಲಿ ಇಲ್ಲದ ನಮೂದೊಂದು ಕೇಸು ನಡೆಯುತ್ತಿರುವಾಗ ಅಲ್ಲಿ ಕಾಣಿಸಿಕೊಂಡಿದೆ. ಅದಕ್ಕೂ ರಕ್ಷಣೆ ಇಲ್ಲ.

ನಮ್ಮ ಕೋರ್ಟುಗಳ ಅಂಗಳಕ್ಕೆ ಇದನ್ನು ತಂದು ನೋಡೋಣ. ‘ಈ ಪಹಣಿ ತಿದ್ದಿ ಒಬ್ಬ ಶ್ಯೂರಿಟಿಯನ್ನು ನಿಲ್ಲಿಸಿಬಿಡಿ’ ಎಂದು ಆರೋಪಿಯ ಕಡೆಯವರು ಕೇಳಿದರೆ, ಅದು ನ್ಯಾಯಾಲಯಕ್ಕೆ ಮೋಸ ಮಾಡುವ ಯೋಜನೆ. ಅದು ಗುಟ್ಟಾಗಿ ಉಳಿಯುವ ಮಾತಲ್ಲ. ‘ಹೋದ ವರ್ಷ ಹೀಗೆ ಮಾಡಿ ಸಿಕ್ಕಿಬಿದ್ದಿದ್ದೇನೆ’ ಎಂದು ಹೇಳಿಕೊಂಡರೆ ಅದು ಗುಟ್ಟು. ಆಗಿಹೋದದ್ದು, ಆಗಬೇಕಾದದ್ದು ಎಂಬ ಗೆರೆಯನ್ನು ತನಿಖಾಧಿಕಾರಿ ಮೊದಲು ನೋಡಬೇಕು. ನೋಟಿಸುಗಳು ಎಡವುವುದು ಸಾಮಾನ್ಯವಾಗಿ ಇಲ್ಲೇ: ಎಫ್‌ಐಆರ್‌ನಲ್ಲಿರುವ ಅಪರಾಧವನ್ನೇ ‘ಕಾನೂನುಬಾಹಿರ ಉದ್ದೇಶ’ ಎಂದು ಬರೆದುಬಿಡುತ್ತಾರೆ. ಆ ಅಪರಾಧ ವಕೀಲರ ಬಳಿ ಬರುವ ಮೊದಲೇ ಮುಗಿದಿದ್ದರೆ ವಿನಾಯಿತಿ ಹುಟ್ಟುವುದೇ ಇಲ್ಲ.

ತಲೆಮರೆಸಿಕೊಂಡವನ ವಿಳಾಸದ ಪ್ರಶ್ನೆಗೆ ಮತ್ತೆ ಬರೋಣ. ನಿರೀಕ್ಷಣಾ ಜಾಮೀನಿನ ಅರ್ಜಿಗೆ ಸಹಿ ಹಾಕಲು ಬಂದವನು ತಾನು ಎಲ್ಲಿದ್ದೇನೆಂದು ವಕೀಲರಿಗೆ ಹೇಳಿದ್ದರೆ ಅದು ಕೆಲಸದ ಸಲುವಾಗಿ ಆಡಿದ ಮಾತು. ಅದನ್ನು ಠಾಣೆಗೆ ತಿಳಿಸುವಂತಿಲ್ಲ. ಅದೇ ವಕೀಲರು ತಮ್ಮ ತೋಟದ ಮನೆಯಲ್ಲಿ ಅವನನ್ನು ಇರಿಸಿಕೊಂಡರೆ ಅದು ಸಲಹೆಯಲ್ಲ, ಆರೋಪಿಗೆ ಆಶ್ರಯ ಕೊಟ್ಟ ಅಪರಾಧ. ಕರಿಕೋಟು ಅಲ್ಲಿ ಕಾಪಾಡುವುದಿಲ್ಲ. ವಸ್ತುಗಳ ವಿಚಾರವೂ ಹೀಗೆಯೇ. ಕಕ್ಷಿದಾರ ಮಚ್ಚನ್ನೋ ಮೊಬೈಲನ್ನೋ ಕವರಿನಲ್ಲಿ ಸುತ್ತಿ ತಂದು ‘ಸ್ವಲ್ಪ ದಿನ ಇಟ್ಟುಕೊಳ್ಳಿ ಸಾರ್’ ಎಂದರೆ ಅವನ ಮಾತು ಒಂದು, ವಸ್ತು ಇನ್ನೊಂದು. ವಸ್ತುವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಸಾಕ್ಷ್ಯ ಮರೆಮಾಚಿದಂತೆ, ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಂ ಕಾಯುತ್ತಿರುತ್ತದೆ. ಕಿರಿಯ ವಕೀಲರಿಗೆ ನಾವು ಹೇಳುವುದು ಇಷ್ಟೇ: ಮುಟ್ಟಬೇಡಿ, ಇಟ್ಟುಕೊಳ್ಳಬೇಡಿ, ‘ಕೆರೆಗೆ ಎಸೆ’ ಎಂದಂತೂ ಅಪ್ಪಿತಪ್ಪಿಯೂ ಹೇಳಬೇಡಿ.

ಇನ್ನು ಸರ್ವೋಚ್ಚ ನ್ಯಾಯಾಲಯದ ಮಾತು. ಗುಜರಾತಿನಲ್ಲಿ ಆರೋಪಿಯ ಪರ ಹಾಜರಾಗಿದ್ದ ವಕೀಲರೊಬ್ಬರಿಗೆ ಪೊಲೀಸರು 179ರ ನೋಟಿಸು ಕೊಟ್ಟದ್ದು, ಅದೇ ಹೊತ್ತಿಗೆ ಜಾರಿ ನಿರ್ದೇಶನಾಲಯ ಇಬ್ಬರು ಹಿರಿಯ ವಕೀಲರಿಗೆ ಸಮನ್ಸ್ ಕೊಟ್ಟು ಹಿಂದಕ್ಕೆ ಪಡೆದದ್ದು, ಎರಡೂ 2025ರಲ್ಲಿ ದೊಡ್ಡ ಸುದ್ದಿಯಾದವು. ನಿರ್ದೇಶನಾಲಯ ಜೂನ್ 20ರಂದು ತನ್ನ ಅಧಿಕಾರಿಗಳಿಗೆ ಸುತ್ತೋಲೆ ಹೊರಡಿಸಿತು: 132ಕ್ಕೆ ವಿರುದ್ಧವಾಗಿ ವಕೀಲರಿಗೆ ಸಮನ್ಸ್ ಕೊಡಕೂಡದು, ವಿನಾಯಿತಿ ಅನ್ವಯಿಸುವುದಾದರೆ ನಿರ್ದೇಶಕರ ಪೂರ್ವಾನುಮತಿ ಬೇಕು. ಸರ್ವೋಚ್ಚ ನ್ಯಾಯಾಲಯ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ, ನ್ಯಾಯಮೂರ್ತಿಗಳಾದ ಕೆ. ವಿನೋದ್ ಚಂದ್ರನ್ ಮತ್ತು ಎನ್.ವಿ. ಅಂಜಾರಿಯಾ ಅವರ ಪೀಠ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು.

ಅದರಂತೆ, ಆರೋಪಿಯ ಪರ ಇರುವ ವಕೀಲರನ್ನು ಪ್ರಕರಣದ ವಿವರ ತಿಳಿಯಲೆಂದು ಕರೆಸುವಂತಿಲ್ಲ. 132ರ ವಿನಾಯಿತಿ ಇದೆ ಎನ್ನುವುದಾದರೆ ಯಾವ ಸಂಗತಿಗಳ ಮೇಲೆ ಆ ವಿನಾಯಿತಿ ನಿಂತಿದೆ ಎಂಬುದನ್ನು ಸಮನ್ಸಿನಲ್ಲೇ ಬಿಡಿಸಿ ಬರೆಯಬೇಕು. ಸೂಪರಿಂಟೆಂಡೆಂಟ್ ದರ್ಜೆಗಿಂತ ಕೆಳಗಿಲ್ಲದ ಮೇಲಧಿಕಾರಿ, ಸಮನ್ಸ್ ಹೊರಡುವ ಮೊದಲೇ, ತಮಗೆ ಮನವರಿಕೆಯಾದದ್ದನ್ನು ಬರವಣಿಗೆಯಲ್ಲಿ ದಾಖಲಿಸಿ ಒಪ್ಪಿಗೆ ಕೊಟ್ಟಿರಬೇಕು. ಜಿಲ್ಲೆಯಲ್ಲಿ ಎಸ್‌ಪಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟುಗಳಲ್ಲಿ ಅದಕ್ಕೆ ಸಮನಾದ ಡಿಸಿಪಿ ಎಂದು ನಾವು ಓದಿಕೊಳ್ಳುತ್ತೇವೆ. ಇನ್‌ಸ್ಪೆಕ್ಟರು ಸಹಿ ಹಾಕಿ ಕಳಿಸಿ ಆಮೇಲೆ ಎಸ್‌ಪಿ ಸಾಹೇಬರ ಹತ್ತಿರ ‘ಪೋಸ್ಟ್ ಫ್ಯಾಕ್ಟೊ’ ಒಪ್ಪಿಗೆ ಪಡೆದರೆ ನಡೆಯದು. ಇಂಥ ಸಮನ್ಸನ್ನು ವಕೀಲರಾಗಲಿ ಕಕ್ಷಿದಾರರಾಗಲಿ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.

ತೀರ್ಪಿನ ಇನ್ನೊಂದು ಮಗ್ಗುಲು ವಕೀಲರಿಗೆ ಅಷ್ಟು ಹಿತವಲ್ಲ. ಕೆಲವರು ಅರ್ಧ ಓದಿ ಸಂಭ್ರಮಿಸಿದ್ದಾರೆ, ಆದ್ದರಿಂದ ಹೇಳಬೇಕಾಗಿದೆ. ವಕೀಲರ ಕೈಯಲ್ಲಿರುವ ದಾಖಲೆಯನ್ನು ಹಾಜರುಪಡಿಸುವುದಕ್ಕೆ 132ರ ರಕ್ಷಣೆ ಇಲ್ಲ. ಮಾತು ಬೇರೆ, ಕಾಗದ ಬೇರೆ. ಆದರೆ ಕ್ರಿಮಿನಲ್ ಪ್ರಕರಣದಲ್ಲಿ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಕಾಗದ ಕೇಳಿದರೆ ಅದನ್ನು ಕೊಡಬೇಕಾದದ್ದು ನ್ಯಾಯಾಲಯಕ್ಕೆ, ಠಾಣೆಗಲ್ಲ. ಆಕ್ಷೇಪಣೆ ಇದ್ದರೆ ಸಾಕ್ಷ್ಯ ಅಧಿನಿಯಮದ 165ರ ಪ್ರಕಾರ ನ್ಯಾಯಾಧೀಶರೇ ತೀರ್ಮಾನಿಸುತ್ತಾರೆ. ಲ್ಯಾಪ್‌ಟಾಪ್, ಮೊಬೈಲು, ಹಾರ್ಡ್‌ಡಿಸ್ಕಿನದು ಇನ್ನೂ ಸೂಕ್ಷ್ಮ, ಏಕೆಂದರೆ ಒಂದು ಫೋನಿನಲ್ಲಿ ನೂರು ಕಕ್ಷಿದಾರರ ಬದುಕಿರುತ್ತದೆ. ಅದನ್ನೂ ನ್ಯಾಯಾಲಯದ ಮುಂದೆಯೇ ತರಬೇಕು. ಸಂಬಂಧಪಟ್ಟ ಕಕ್ಷಿದಾರನಿಗೆ ನೋಟಿಸು ಹೋಗಬೇಕು, ಅವನ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ತಳ್ಳಿಹೋದರೆ ಮಾತ್ರ ಸಾಧನವನ್ನು ತೆರೆಯಬಹುದು. ಅದೂ ಕಕ್ಷಿದಾರ ಮತ್ತು ವಕೀಲರ ಸಮ್ಮುಖದಲ್ಲಿ, ಅವರೇ ಆರಿಸಿದ ತಂತ್ರಜ್ಞರ ನೆರವಿನೊಂದಿಗೆ. ಕೇಳಿದ್ದನ್ನಷ್ಟೇ ತೆಗೆಯಬೇಕು, ಉಳಿದ ಕಕ್ಷಿದಾರರ ಕಡತ ಕಣ್ಣಿಗೆ ಬೀಳಕೂಡದು. ಠಾಣೆಯ ಮೇಜಿನ ಮೇಲೆ ‘ಲಾಕ್ ತೆಗೀರಿ ಸಾರ್, ಒಂದು ಚಾಟ್ ನೋಡಿ ಕೊಡ್ತೀವಿ’ ಎನ್ನುವ ಪದ್ಧತಿಗೆ ಇದರಲ್ಲಿ ಎಲ್ಲೂ ಜಾಗವಿಲ್ಲ.

ಕಂಪನಿ, ಬ್ಯಾಂಕುಗಳಲ್ಲಿ ಸಂಬಳಕ್ಕಿರುವ ಕಾನೂನು ಅಧಿಕಾರಿಗಳಿಗೆ 132 ಅನ್ವಯಿಸದೆಂದು ಅದೇ ತೀರ್ಪು ಹೇಳಿದೆ. ಅವರು ನ್ಯಾಯಾಲಯದಲ್ಲಿ ವೃತ್ತಿ ನಡೆಸುವ ವಕೀಲರಲ್ಲ.

ಒಂದು ಗಟ್ಟಿ ಪ್ರಶ್ನೆ ಉಳಿದಿದೆ, ಅದನ್ನು ಮುಚ್ಚಿಡುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯ 19ನೇ ಕಲಂ, ಮಗುವಿನ ಮೇಲೆ ಅಂಥ ಅಪರಾಧ ನಡೆಯಬಹುದೆಂಬ ಆತಂಕ ಇರುವ ಅಥವಾ ನಡೆದಿರುವುದು ಗೊತ್ತಿರುವ ‘ಯಾವುದೇ ವ್ಯಕ್ತಿ’ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ತಿಳಿಸದಿದ್ದರೆ 21ರ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಕೀಲರನ್ನು ಬಿಟ್ಟು ಎಂದು ಅದರಲ್ಲಿ ಬರೆದಿಲ್ಲ. ಆ ಕಲಂ ತನ್ನನ್ನು ದಂಡ ಪ್ರಕ್ರಿಯಾ ಸಂಹಿತೆಗಿಂತ ಮೇಲೆ ಇಟ್ಟುಕೊಂಡಿದೆ, ಸಾಕ್ಷ್ಯ ಅಧಿನಿಯಮದ ಹೆಸರೆತ್ತಿಲ್ಲ. ನಮ್ಮ ಓದು ಹೀಗಿದೆ: ಮುಂದೆ ನಡೆಯಲಿರುವ ಕೃತ್ಯದ ಸುಳಿವು ಸಿಕ್ಕರೆ ವಕೀಲರು ತಿಳಿಸಲೇಬೇಕು, ಕಾನೂನುಬಾಹಿರ ಉದ್ದೇಶಕ್ಕೆ 132 ಹೇಗೂ ಅಡ್ಡ ಬರುವುದಿಲ್ಲ. ಆಗಿಹೋದ ಕೃತ್ಯದ ಆರೋಪಿ ತನ್ನ ವಕೀಲರ ಎದುರು ಒಪ್ಪಿಕೊಂಡದ್ದನ್ನು ವಕೀಲರೇ ಠಾಣೆಗೆ ಹೋಗಿ ಹೇಳುವುದಾದರೆ, ಸಂವಿಧಾನದ 22(1)ನೇ ವಿಧಿ ಕೊಟ್ಟ ವಕೀಲರ ನೆರವು ಎಂಬುದು ಬಲೆಯಾಗುತ್ತದೆ. ಈ ಎರಡು ಕಲಮುಗಳ ಘರ್ಷಣೆಯನ್ನು ಶಾಸನವೇ ಬಿಡಿಸಬೇಕು. ಠಾಣೆಯ ಮಟ್ಟದಲ್ಲಿ ವಕೀಲರ ಮೇಲೆ 21ರ ಕೇಸು ಜಡಿದು ಬಿಡಿಸುವಂಥದ್ದಲ್ಲ.

ಅಮೆರಿಕದ ಶಿಕಾಗೋದಲ್ಲಿ ಒಬ್ಬ ಕಕ್ಷಿದಾರ, ಬೇರೊಬ್ಬನ ತಲೆಗೆ ಬಂದಿದ್ದ ಕೊಲೆಯನ್ನು ಮಾಡಿದ್ದು ತಾನೇ ಎಂದು ತನ್ನ ವಕೀಲರಿಗೆ ಹೇಳಿದ್ದ. ವಕೀಲರು ಅದನ್ನು ಬರೆದು ಮುದ್ರೆ ಹಾಕಿ ಇಟ್ಟುಕೊಂಡರು. ಅವನು ಸತ್ತ ಮೇಲೆ, 2008ರಲ್ಲಿ, ಅವನದೇ ಒಪ್ಪಿಗೆಯಂತೆ ಹೊರಗೆ ತಂದರು. ಅಷ್ಟರಲ್ಲಿ ಆ ಕೊಲೆಗೆ ಶಿಕ್ಷೆಯಾಗಿದ್ದ ಆಲ್ಟನ್ ಲೋಗನ್ ಎಂಬಾತ 26 ವರ್ಷ ಜೈಲಿನಲ್ಲಿ ಕಳೆದಿದ್ದ. ಓದಿದವರಿಗೆ ಸಿಟ್ಟು ಬರುವುದು ಸಹಜ. ನಮ್ಮ 132ರಲ್ಲಿಯೂ ಇಂಥ ಸಂದರ್ಭಕ್ಕೆ ಬಾಗಿಲು ಇರಿಸಿಲ್ಲ. ಕಕ್ಷಿದಾರನನ್ನು ಕೂರಿಸಿಕೊಂಡು ಸಮ್ಮತಿ ಕೇಳುವುದೊಂದೇ ದಾರಿ. ಗೋಪ್ಯತೆಗೆ ಬೆಲೆ ಇದೆ, ಆ ಬೆಲೆಯನ್ನು ಕೆಲವೊಮ್ಮೆ ಏನೂ ತಪ್ಪು ಮಾಡದವರು ತೆರುತ್ತಾರೆ ಎಂಬುದನ್ನು ವಕೀಲರಾದ ನಾವೇ ಮೊದಲು ಒಪ್ಪಬೇಕು.

ಈಗ ವಕೀಲರ ಪರಿಷತ್ತಿನ ಅಧ್ಯಕ್ಷರಿಗೆ ಎರಡು ಮಾತು. ಗುಟ್ಟು ಸೋರುವುದು ಹೆಚ್ಚಾಗಿ ಪೊಲೀಸರಿಂದಲ್ಲ, ನಮ್ಮ ಕಚೇರಿಗಳಿಂದ. 132(3) ಗುಮಾಸ್ತರನ್ನೂ ನೌಕರರನ್ನೂ ದುಭಾಷಿಗಳನ್ನೂ ಇದೇ ಕಟ್ಟಿಗೆ ಒಳಪಡಿಸಿದೆ. ತಾಂಡಾದಿಂದ ಬಂದ ಅಜ್ಜಿಯ ಲಂಬಾಣಿ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಮೊಮ್ಮಗನೂ ಆ ಹೊತ್ತಿಗೆ ದುಭಾಷಿಯೇ, ಅವನಿಗೆ ಅದನ್ನು ತಿಳಿಸಿ ಹೇಳಬೇಕು. ಆದರೆ ಕೋರ್ಟಿನ ಗೇಟಿನ ಎದುರಿನ ಟೈಪಿಂಗ್ ಅಂಗಡಿಯವನು ಯಾರ ನೌಕರನೂ ಅಲ್ಲ. ವಾದಿ ಪ್ರತಿವಾದಿ ಇಬ್ಬರ ಕಡತವೂ ಅವನ ಕಂಪ್ಯೂಟರಿನಲ್ಲಿ, ಅಕ್ಕಪಕ್ಕದ ಫೋಲ್ಡರಿನಲ್ಲಿ, ವಕೀಲರ ಹೆಸರಿನೊಂದಿಗೆ ಕೂತಿರುತ್ತವೆ. ಜೆರಾಕ್ಸ್ ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಿದ ಪಿಡಿಎಫ್ ಅಲ್ಲೇ ಉಳಿಯುತ್ತದೆ. ಪ್ರಿಂಟು ಬೇಕಾದರೆ ಪೆನ್‌ಡ್ರೈವಿನಲ್ಲಿ ಒಯ್ದು, ಎದುರಿಗೆ ನಿಂತು ತೆಗೆಸಿ, ಅವನ ಕಂಪ್ಯೂಟರಿನ ರೀಸೈಕಲ್ ಬಿನ್ ಸಹಿತ ಅಳಿಸಿ ಬರಬೇಕು. ದಸ್ತಾವೇಜು ಬರೆಯುವವರ ಹತ್ತಿರ ಹೇಳಿಕೊಂಡದ್ದಕ್ಕೂ 132 ಇಲ್ಲ. ಪತ್ರದ ಕೊನೆಯಲ್ಲಿ ‘ಬಿಕ್ಕಲಂ’ (ಬರೆದವರು) ಎಂದು ಸಹಿ ಹಾಕಿದ ಮಾತ್ರಕ್ಕೆ ಅವರು ವಕೀಲರಾಗುವುದಿಲ್ಲ. ಲೆಕ್ಕಪರಿಶೋಧಕರಿಗೂ ಇದೇ ಮಾತು.

ಹಳ್ಳಿಯಿಂದ ಕಕ್ಷಿದಾರ ಒಬ್ಬನೇ ಬರುವುದಿಲ್ಲ. ಊರ ಗೌಡರು, ಭಾವಮೈದುನ, ದಾರಿ ತೋರಿಸಲು ಬಂದ ಇನ್ನೊಬ್ಬರು, ಒಟ್ಟು ಐದು ಜನ ಬೆಂಚಿನ ಮೇಲೆ ಕೂರುತ್ತಾರೆ. ಹಾಗೆ ಕೂತು ಕೇಳಿಸಿಕೊಂಡವರ ಬಾಯಿಗೆ 132ರ ಬೀಗ ಇಲ್ಲ, ನಾಳೆ ಅವರನ್ನು ಸಾಕ್ಷಿಯಾಗಿ ಕರೆಯಬಹುದು. ಚಹಾ ಕುಡಿದು ಬನ್ನಿ ಎಂದು ಅವರನ್ನು ಹೊರಗೆ ಕಳಿಸಿ ಆಮೇಲೆ ಬಾಗಿಲು ಹಾಕಿಕೊಳ್ಳುವುದು ಒಳ್ಳೆಯದು. ಫೀಸು ಕೊಟ್ಟವರೆಲ್ಲ ಕಕ್ಷಿದಾರರಲ್ಲ ಎಂಬುದೂ ನೆನಪಿರಲಿ. ಲಾರಿ ಚಾಲಕನ ಕೇಸಿಗೆ ಮಾಲೀಕ ದುಡ್ಡು ಕೊಟ್ಟಿರಬಹುದು, ಕೈದಿಯ ಕೇಸಿಗೆ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತಿರಬಹುದು. ಗುಟ್ಟು ಚಾಲಕನದು, ಕೈದಿಯದು. ‘ನಾನೇ ದುಡ್ಡು ಕೊಡ್ತಿರೋದು, ಅವನೇನಂದ ಹೇಳಿ’ ಎನ್ನುವ ಮಾಲೀಕನಿಗೆ ಉತ್ತರ ಕೊಡದಿರಲು ಸ್ವಲ್ಪ ಧೈರ್ಯ ಬೇಕು, ಅಷ್ಟೇ.

ಟಿವಿ ಮೈಕುಗಳ ಮುಂದೆ ನಿಂತು ‘ನನ್ನ ಕಕ್ಷಿದಾರರು ನನ್ನ ಹತ್ತಿರ ಹೇಳಿದ್ದೇನೆಂದರೆ...’ ಎಂದು ಶುರುಮಾಡುವ ಸಹೋದ್ಯೋಗಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿಯ 17ನೇ ನಿಯಮ ಹಳೆಯ ಸಾಕ್ಷ್ಯ ಅಧಿನಿಯಮದ 126ರ ಉಲ್ಲಂಘನೆಯನ್ನೇ ವೃತ್ತಿ ಶಿಸ್ತಿನ ಉಲ್ಲಂಘನೆ ಮಾಡಿದೆ. 24ನೇ ನಿಯಮ ಕಕ್ಷಿದಾರನ ನಂಬಿಕೆಯನ್ನು ದುರುಪಯೋಗ ಮಾಡಿಕೊಳ್ಳಬಾರದೆನ್ನುತ್ತದೆ. 33, ಒಮ್ಮೆ ಒಬ್ಬರ ಪರ ದಾವೆ ಬರೆದುಕೊಟ್ಟವರು ಎದುರು ಕಕ್ಷಿಯ ಪರ ಹಾಜರಾಗಬಾರದೆನ್ನುತ್ತದೆ. ಕಕ್ಷಿದಾರ ಸುಳ್ಳು ಸಾಕ್ಷಿ ನುಡಿಯುವುದಾಗಿ ಹಟ ಹಿಡಿದರೆ 12ನೇ ನಿಯಮದಂತೆ ಸಕಾರಣ ಮತ್ತು ಸಾಕಷ್ಟು ಮುನ್ಸೂಚನೆ ಕೊಟ್ಟು, ದುಡಿಯದ ಫೀಸನ್ನು ಹಿಂದಿರುಗಿಸಿ, ಆ ಕೇಸಿನಿಂದ ನಿವೃತ್ತಿ ಪಡೆಯಬಹುದು. ಆದರೆ ನಿವೃತ್ತಿಯ ಮೆಮೊದಲ್ಲಿ ‘ಕಕ್ಷಿದಾರರು ಸುಳ್ಳು ಹೇಳುತ್ತಿದ್ದಾರೆ’ ಎಂದು ಬರೆದರೆ ಅವನ ಕೊರಳಿಗೆ ಹಗ್ಗ ತಾವೇ ಹೊಸೆದಂತೆ. ‘ವೃತ್ತಿಪರ ಕಾರಣಗಳಿಂದ’ ಎಂಬ ಎರಡು ಪದ ಸಾಕು. ಫೀಸು ಬಾಕಿಯೆಂದು ಕಡತ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ, ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ, 2000ದಲ್ಲೇ, ಸರ್ವೋಚ್ಚ ನ್ಯಾಯಾಲಯ ಅದನ್ನು ಹೇಳಿಯಾಗಿದೆ.

ಗುಟ್ಟು ಒಡೆದ ವಕೀಲರ ಮೇಲೆ ಗ್ರಾಹಕರ ವೇದಿಕೆಗೆ ಹೋಗಲು ಸರ್ವೋಚ್ಚ ನ್ಯಾಯಾಲಯದ 2024ರ ಮೇ ತಿಂಗಳ ತೀರ್ಪಿನ ನಂತರ ಅವಕಾಶವಿಲ್ಲ. ನೊಂದವರಿಗೆ ಉಳಿದಿರುವ ಮುಖ್ಯ ದಾರಿ ವಕೀಲರ ಅಧಿನಿಯಮದ 35ನೇ ಕಲಮಿನ ದೂರು. ಒಂದು ವರ್ಷದಲ್ಲಿ ವಿಲೇವಾರಿಯಾಗದಿದ್ದರೆ ಅದು 36ಬಿ ಪ್ರಕಾರ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಆದ್ದರಿಂದ ಪರಿಷತ್ತು ಈ ದೂರಿನ ನಮೂನೆಯನ್ನೂ 132ರಿಂದ 134ರವರೆಗಿನ ಕಲಮುಗಳ ಸರಳ ಕನ್ನಡ ಪಾಠವನ್ನೂ ಪ್ರತಿ ತಾಲ್ಲೂಕು ನ್ಯಾಯಾಲಯದ ಸೂಚನಾ ಫಲಕದಲ್ಲಿ ಹಾಕಿಸಬೇಕು. ಗುಮಾಸ್ತರಿಂದಲೂ ಇಂಟರ್ನ್‌ಷಿಪ್ಪಿಗೆ ಬರುವ ವಿದ್ಯಾರ್ಥಿಗಳಿಂದಲೂ ಒಂದು ಪುಟದ ಮುಚ್ಚಳಿಕೆ ಬರೆಸಿಕೊಳ್ಳುವಂತೆ ಸೂಚಿಸಬೇಕು. ಸಮ್ಮತಿಯ ನಮೂನೆಯೂ ಬೇಕು. ವಕಾಲತ್ತಿನ ಅಚ್ಚಾದ ವಾಕ್ಯಗಳನ್ನು ‘ಸ್ಪಷ್ಟ ಸಮ್ಮತಿ’ ಎಂದುಕೊಳ್ಳುವುದು ಅಪಾಯ. ಏನನ್ನು, ಯಾರಿಗೆ, ಯಾವ ಕಾರಣಕ್ಕೆ ತಿಳಿಸಬಹುದೆಂದು ಕಕ್ಷಿದಾರನ ಭಾಷೆಯಲ್ಲಿ ಬರೆದು, ಓದಿ ಹೇಳಿ, ತಾರೀಖು ಹಾಕಿಸಿ ಸಹಿ ಪಡೆಯಬೇಕು.

ಮಹಾನಿರ್ದೇಶಕರಲ್ಲಿ ನಮ್ಮ ಕೋರಿಕೆ ಒಂದೇ ಸುತ್ತೋಲೆ, ಕನ್ನಡದಲ್ಲಿ, ಎಲ್ಲ ಠಾಣೆಗಳಿಗೆ. ಅದರ ಜೊತೆ ಅಚ್ಚಾದ ನಮೂನೆಯೊಂದು ಇರಲಿ. ಅದರಲ್ಲಿ ನಾಲ್ಕು ಅಂಕಣ ಸಾಕು: 132ರ ಯಾವ ವಿನಾಯಿತಿ, (ಎ)ಯೋ (ಬಿ)ಯೋ, ಅದನ್ನು ತೋರಿಸುವ ಸಂಗತಿಗಳು, ಆ ಸಂಗತಿಗಳು ವಕೀಲರು ವಕಾಲತ್ತು ವಹಿಸಿದ ದಿನಾಂಕಕ್ಕಿಂತ ಹಿಂದಿನವೋ ಮುಂದಿನವೋ, ಎಸ್‌ಪಿ ಅಥವಾ ಡಿಸಿಪಿಯವರ ಲಿಖಿತ ಒಪ್ಪಿಗೆಯ ಸಂಖ್ಯೆ ಮತ್ತು ದಿನಾಂಕ. ಫೋನಿನಲ್ಲಿ ಕೇಳುವುದಕ್ಕೂ ಇದೇ ನಿಯಮ ಅನ್ವಯಿಸಲಿ. ನಾಲ್ಕರಲ್ಲಿ ಯಾವುದೇ ಅಂಕಣ ಖಾಲಿ ಉಳಿದ ನೋಟಿಸಿಗೆ ಠಾಣೆಯ ರವಾನೆ ವಹಿಯಲ್ಲಿ ಸಂಖ್ಯೆ ಕೊಡಕೂಡದೆಂದು ಠಾಣಾ ಬರಹಗಾರರಿಗೆ ಆದೇಶವಾಗಲಿ.

ಇಂತಿ,
ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುವ ಕೆಲವು ವಕೀಲರು